ತೋಟಾಕೋವಿಯ ಗೂಡನ್ನು ಗುರುತಿಸುವ ಕ್ರಮ

ಕೋವಿಯೆಂಬ ಕನ್ನಡ ಶಬ್ದಕ್ಕೆ ಕೊಳವೆಯೆಂಬುದೇ ಮೂಲಾರ್ಥ. ಕುಣಿಗಲು ಸೀಮೆಯ ಹುಲಿಯೂರುದುರ್ಗವು ೧೭೯೧ರಲ್ಲಿ ಕಾರ್ನ್‌ವಾಲಿಸನ ಸೈನ್ಯದ ವಶವಾದಾಗ ಉಭಯಪಕ್ಷದ ಕಾಲಾಳುಗಳೂ ಹಿಡಿದಿದ್ದ ಚಕಮಕಿಯ ಕೋವಿಯು ಈ ಅರ್ಥಕ್ಕೆ ಸರಿಯಾಗಿ ಬುಡದಿಂದ ಬಾಯಿಯವರೆಗೆ ಒಂದೇ ಹದದ ಕೊಳವೆಯಾಗಿದ್ದಿತು. ಮದ್ದನ್ನೂ ಗುಂಡನ್ನೂ ಬಾಯಿಯಿಂದಲೇ ತುಂಬಿ ಗಜದಿಂದ ಜಡಿಯುತ್ತಿದ್ದರು. ೧೯೫೯ರ ಆಯುಧ ಕಾಯಿದೆಯು ಬೆಳೆರಕ್ಷಣೆಗೆಂದು ಇಂಥ ಕೋವಿಯನ್ನು ಪ್ರತ್ಯೇಕವಾಗಿ ಹೆಸರಿಸಿರುವುದರಿಂದ ತುಮಕೂರು, ಗುಬ್ಬಿ, ಕುಣಿಗಲಿನಂತಹ ಬೇಸಾಯದ ಸೀಮೆಗಳಿಗೆ ಈ ಜಾತಿಯು ಕೇವಲ ಚರಿತ್ರೆಯ ವಿಷಯವಲ್ಲ. ಇದರಲ್ಲಿ ಅಳೆಯತಕ್ಕುದು ಒಂದೇ: ಕೊಳವೆಯ ಅಗಲ.

ತೋಟಾಕೋವಿಯ ಸ್ಥಿತಿ ಬೇರೆ. ಮದ್ದು, ಗುಂಡು, ಸಿಡಿಕೇಪು ಮೂರನ್ನೂ ಹಿತ್ತಾಳೆಯ ಕೋಶದಲ್ಲಿ ಅಡಕಮಾಡಿ ಹಿಂದಿನಿಂದ ತುಂಬುವ ಪದ್ಧತಿ ಬಂದಮೇಲೆ, ಕೊಳವೆಯ ಬುಡವನ್ನು ಆ ಕೋಶದ ಆಕಾರಕ್ಕೆ ಕೊರೆಯಬೇಕಾಯಿತು. ಈ ಭಾಗವನ್ನು ಇಲ್ಲಿ ಗೂಡೆಂದು ಕರೆದಿದೆ. ಗೂಡಿಗೆ ಸಲ್ಲದ ತೋಟಾ ಸಿಡಿದರೆ ಕೋಶ ಹರಿದು ಬಿಸಿಹೊಗೆಯು ಹಿಂದಕ್ಕೆ ನುಗ್ಗುವುದು. ಹಾನಿ ತಗಲುವುದು ಹಿಡಿದವನ ಕಣ್ಣಿಗೂ ಕೈಗೂ.

ಈ ವಿಷಯವು ತೊಡಕಾಗಿರುವುದು ಅನುಕೃತಿಗಳಿಂದ. ಇಟಲಿಯ ಗಾರ್ದೋನೆ ವಾಲ್ ತ್ರೋಂಪಿಯಾ ಮೊದಲಾದೆಡೆಗಳ ಕಮ್ಮಟಗಳು ೧೯ನೆಯ ಶತಮಾನದ ಕೋವಿಗಳನ್ನು ರೂಪದಲ್ಲಿ ಯಥಾವತ್ತಾಗಿ ಮಾಡುತ್ತವೆ. ಗೂಡು ಮಾತ್ರ ಹಲವು ವೇಳೆ ಬೇರೆ. ೧೮೬೦ರ ಹೆನ್ರಿ ಕೋವಿಯ ಮೂಲತೋಟಾಕ್ಕೆ ಸಿಡಿಮದ್ದು ಅಂಚಿನಲ್ಲಿದ್ದಿತು. ಅದರ ತಯಾರಿಕೆ ನಿಂತುಹೋದುದರಿಂದ ಅನುಕೃತಿಗಳನ್ನು ೪೪–೪೦ ಅಥವಾ ೪೫ ಕೋಲ್ಟ್ ತೋಟಾಕ್ಕೆ ಕೊರೆಯುತ್ತಾರೆ. ೧೮೭೩ರ ವಿಂಚೆಸ್ಟರ್ ಮೂಲದಲ್ಲಿ ೪೫ ಕೋಲ್ಟಿಗೆ ಎಂದೂ ತಯಾರಾಗಲಿಲ್ಲ. ಅನುಕೃತಿಯಲ್ಲಿ ಅದು ಸಾಮಾನ್ಯ. ಆದುದರಿಂದ ಕೋವಿಯ ಜಾತಿಯನ್ನು ತಿಳಿದ ಮಾತ್ರಕ್ಕೆ ತೋಟಾ ತಿಳಿದಂತಾಗದು.

ತೋಟಾದ ಹೆಸರಿನಿಂದ ಅಳತೆಯನ್ನು ತಿಳಿಯಬಹುದೆಂಬ ಊಹೆಯೂ ನಿಲ್ಲತಕ್ಕುದಲ್ಲ. ೪೫–೭೦ ಎಂಬಲ್ಲಿ ಮೊದಲ ಸಂಖ್ಯೆ ಅಂಗುಲದ ನೂರರ ಅಂಶಗಳಲ್ಲಿ ಕೊಳವೆಯ ಅಗಲ, ಎರಡನೆಯದು ಕರಿಮದ್ದಿನ ಗ್ರೇನ್ ತೂಕ. ಮಾರ್ಟಿನಿ–ಹೆನ್ರಿಯ ೫೭೭/೪೫೦ ಎಂಬಲ್ಲಿಯಾದರೋ ಎರಡೂ ಅಗಲದ ಹೆಸರುಗಳೇ: ೫೭೭ರ ಕೋಶದ ಕೊರಳನ್ನು ೪೫೦ಕ್ಕೆ ಇಳಿಸಿದೆಯೆಂದು ತಾತ್ಪರ್ಯ, ಮದ್ದು ೮೫ ಗ್ರೇನ್. ೪೪–೪೦ರ ಗುಂಡು ನಿಜವಾಗಿ ೦.೪೨೭ ಅಂಗುಲ, ೩೮–೪೦ರದು ೦.೪೦೧. ಓಲೆಯ ಕಟ್ಟಿನ ಮೇಲಣ ಹೆಸರನ್ನೇ ನಂಬಿ ಒಳಗಿನ ಗ್ರಂಥವನ್ನು ನಿರ್ಣಯಿಸುವುದು ಎಷ್ಟು ಸರಿಯೋ ಇದೂ ಅಷ್ಟೇ ಸರಿ.

ತೋಟಾ ಒಳಗೆ ಕೂತಿತೆಂಬುದೂ ಪ್ರಮಾಣವಲ್ಲ. ೪೫–೭೦ರ ಕೋಶ ೨.೧ ಅಂಗುಲ ಉದ್ದ, ೪೫–೯೦ರದು ೨.೪, ೪೫–೧೧೦ರದು ೨.೮೭೫. ಬುಡವೂ ಅಂಚೂ ಮೂರಕ್ಕೂ ಒಂದೇ ಬಗೆ. ಆದುದರಿಂದ ಗಿಡ್ಡ ತೋಟಾ ಉದ್ದದ ಗೂಡಿನಲ್ಲಿ ಸಲೀಸಾಗಿ ಕೂರುವುದು, ಬಾಗಿಲೂ ಮುಚ್ಚುವುದು.

ಹಾಗಾದರೆ ನಿರ್ಣಯವೆಂತು? ಮೊದಲು ಕೋವಿ ಬರಿದಾಗಿದೆಯೆಂದು ನೋಡಿಕೊಂಡು ಮುದ್ರೆಗಳನ್ನು ಓದಬೇಕು. ಗಾರ್ದೋನೆಯ ಪರೀಕ್ಷಾಲಯದ ‘ಪಿ. ಎನ್.’ ಮುದ್ರೆಯು ಆ ಕೋವಿಯನ್ನು ಕರಿಮದ್ದಿಗೆ ಪರೀಕ್ಷಿಸಿದುದರ ಗುರುತು. ಜೊತೆಯ ವರ್ಷಸಂಕೇತವು ಅನುಕೃತಿಯ ಕಾಲವನ್ನು ತಿಳಿಸುವುದು. ಎರಡನೆಯದಾಗಿ, ಎಣ್ಣೆ ಸವರಿದ ಮೆದುಸೀಸದ ಗುಂಡನ್ನು ಕೊಳವೆಯಲ್ಲಿ ತಳ್ಳಿ ತೆಗೆದರೆ ಸುರುಳಿಗೀರುಗಳ ಅಚ್ಚು ಅದರ ಮೇಲೆ ಮೂಡುವುದು. ಅದನ್ನು ಮೈಕ್ರೊಮೀಟರಿನಿಂದ ಅಳೆಯಬೇಕು. ಮಾರ್ಟಿನಿ–ಹೆನ್ರಿಯ ಗೀರುಗಳು ಏಳು. ಬೆಸಸಂಖ್ಯೆಯಾದುದರಿಂದ ಒಂದು ಗೀರಿಗೆ ಎದುರಾಗಿ ಇನ್ನೊಂದು ಗೀರಿರದು. ಅಲ್ಲಿ ಸಾಮಾನ್ಯ ರೀತಿಯಿಂದ ಅಳೆದರೆ ಅಗಲ ಕಡಿಮೆಯಾಗಿ ಕಾಣುವುದು.

ಮೂರನೆಯದಾದ ಗೂಡಿನ ಎರಕವೇ ಮುಖ್ಯಸಾಕ್ಷಿ. ಗೂಡಿನ ಮುಂದಣ ಕೊಳವೆಗೆ ಬಟ್ಟೆ ತುರುಕಿ, ಸುಮಾರು ೭೦ರಿಂದ ೮೮ ಸೆಂಟಿಗ್ರೇಡ್ ಅಂಶಗಳಲ್ಲಿ ಕರಗುವ ಬಿಸ್ಮತ್ ಮಿಶ್ರಲೋಹವನ್ನು ಹೊಯ್ಯುವರು. ಹಿಂದೆ ಗಂಧಕವನ್ನು ಬಳಸುತ್ತಿದ್ದುದುಂಟು. ಈ ಮಿಶ್ರಲೋಹವು ಆರುವಾಗ ಮೊದಲು ಕುಗ್ಗುವುದರಿಂದ ಅರ್ಧಗಂಟೆಯೊಳಗೆ ಎರಕವನ್ನು ಹೊರದೆಗೆಯಬೇಕು. ಅನಂತರ ಅದು ಹಿಗ್ಗಿ, ಸುಮಾರು ಒಂದು ಗಂಟೆಗೆ ಗೂಡಿನ ನಿಜವಾದ ಅಳತೆಗೆ ಬರುವುದು. ಆಗ ಅಂಚು, ಬುಡ, ಹೆಗಲು, ಕೊರಳು, ಉದ್ದ ಇವನ್ನು ಅಳೆದು ತೋಟಾಗಳ ಪಟ್ಟಿಯೊಡನೆ ಹೋಲಿಸಬೇಕು. ಒಂದು ಅಳತೆ ಒಪ್ಪಿದರೆ ಸಾಲದು, ಐದೂ ಒಪ್ಪಬೇಕು.

ಭಾರತದಲ್ಲಿಯೇ ಇದಕ್ಕೊಂದು ನಿದರ್ಶನವುಂಟು. ಇಷಾಪುರದ ಕಾರ್ಖಾನೆಯಲ್ಲಿ ೩೦೩ ಕೋವಿಗಳ ಕೊಳವೆಯನ್ನು ನುಣ್ಣಗೆ ಹಿಗ್ಗಿಸಿ ಪೋಲೀಸರ ಮತ್ತು ಕಾವಲುಗಾರರ ಉಪಯೋಗಕ್ಕಾಗಿ ೪೧೦ರ ಕೋವಿಗಳನ್ನಾಗಿ ಮಾಡಿದರು. ಅವುಗಳ ತೋಟಾ ಕೊರಳಿಲ್ಲದ ೩೦೩ರ ಕೋಶವೇ. ಬೇಟೆಗಾರರ ೪೧೦ರ ತೋಟಾವಲ್ಲ. ಹೊರರೂಪವು ಒಂದು ತೋಟಾವನ್ನು ಸೂಚಿಸಿದರೆ ಹೆಸರು ಇನ್ನೊಂದನ್ನು ಸೂಚಿಸುತ್ತದೆ. ಗೂಡು ಎರಡನ್ನೂ ಅಲ್ಲಗಳೆಯುತ್ತದೆ.

ಗೂಡು ತಿಳಿದಮೇಲೂ ಮದ್ದಿನ ಪ್ರಶ್ನೆ ಉಳಿಯುವುದು. ೪೫–೭೦ ತೋಟಾವನ್ನು ಈಗ ಹೊಗೆಯಿಲ್ಲದ ಮದ್ದಿನಿಂದ, ಬಲವಾದ ಹೊಸ ಕೋವಿಗಳಿಗೆಂದೂ ತುಂಬುತ್ತಾರೆ. ಹೆಸರೂ ಅಳತೆಯೂ ಒಂದೇ ಆದರೂ ಅದರ ಒತ್ತಡವನ್ನು ಕರಿಮದ್ದಿನ ಕೋವಿ ತಾಳಲಾರದು. ಆದಕಾರಣ ಎರಕವೂ ಮುದ್ರೆಯೂ ಪರಸ್ಪರ ಹೊಂದದ ಕೋವಿಯನ್ನು ಹಾರಿಸಲಾಗದು. ಅಂಥದನ್ನು ಸಂಗ್ರಹಕ್ಕೆ ಸೇರಿಸುವಾಗಲೂ ಬರಿಯ ಹೆಸರನ್ನಲ್ಲದೆ ಮುದ್ರೆ, ಕೊಳವೆ, ಗೂಡು ಮೂರರ ವಿವರಗಳನ್ನೂ ದಾಖಲೆಯಲ್ಲಿ ಬರೆದಿಡತಕ್ಕುದು. ಇಲ್ಲವಾದರೆ ಹಳೆಯ ಹೆಸರಿನ ಹೊಸ ಕೋವಿಯು ಮುಂದಿನವರಿಗೆ ಹಳೆಯದಾಗಿಯೇ ತೋರುವುದು.