ಎಂಟು ಸೋಲಿನ ತಂಡವನ್ನು ಊರು ಮರೆಯಲಿಲ್ಲ

ಹತ್ತು ಪಂದ್ಯ ಆಡಿ ಎಂಟರಲ್ಲಿ ಸೋತ ಕಾಲೇಜು ತಂಡವೊಂದನ್ನು ಯಾರು ತಾನೆ ನೆನಪಿಟ್ಟುಕೊಳ್ಳುತ್ತಾರೆ? ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಹಂಟಿಂಗ್‌ಟನ್ ಎಂಬ ಊರು ನೆನಪಿಟ್ಟುಕೊಂಡಿದೆ. ಅಲ್ಲಿನ ಮಾರ್ಷಲ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ 1971ರಲ್ಲಿ ಆಡಿದ ಆಟ ಅಂಥದ್ದು. ಅದು ಗೆದ್ದದ್ದು ಎರಡೇ ಪಂದ್ಯ. ಆದರೆ ಆ ವರ್ಷ ತಂಡ ಮೈದಾನಕ್ಕೆ ಇಳಿದದ್ದೇ ಒಂದು ಗೆಲುವು.

ಇಲ್ಲಿ ಫುಟ್‌ಬಾಲ್ ಎಂದರೆ ನಾವು ಕಾಲಿನಿಂದ ಒದ್ದು ಆಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಜೊತೆಗಾರನಿಗೆ ಎಸೆಯುವ, ಮೈಗೆ ಮೈ ಡಿಕ್ಕಿ ಹೊಡೆಯುವ ಅಮೆರಿಕನ್ನರ ಆಟ. ಎದುರಾಳಿಯ ಗೆರೆ ದಾಟಿಸಿ ಚೆಂಡನ್ನು ಒಯ್ದರೆ ಆರು ಅಂಕ. ಅದೇ ‘ಟಚ್‌ಡೌನ್’. ಅಲ್ಲಿ ಕಾಲೇಜು ತಂಡದ ಪಂದ್ಯವೆಂದರೆ ವಿದ್ಯಾರ್ಥಿಗಳಿಗಷ್ಟೇ ಅಲ್ಲ, ಊರಿಗೇ ಹಬ್ಬ.

ಆ ಶನಿವಾರದ ಸಂಜೆ

1970ರ ನವೆಂಬರ್ 14. ಮಾರ್ಷಲ್ ತಂಡ ಈಸ್ಟ್ ಕೆರೊಲಿನಾ ತಂಡದ ಎದುರು 14-17ರಿಂದ ಸೋತು ಬಾಡಿಗೆ ವಿಮಾನದಲ್ಲಿ ಊರಿಗೆ ಮರಳುತ್ತಿತ್ತು. ಹೆಚ್ಚಿನ ಪಂದ್ಯಗಳು ರಸ್ತೆಯಲ್ಲೇ ಹೋಗಿ ಬರುವಷ್ಟು ದೂರದಲ್ಲಿರುತ್ತಿದ್ದುದರಿಂದ ಆ ತಂಡ ವಿಮಾನ ಹತ್ತುತ್ತಿದ್ದುದೇ ಅಪರೂಪ. ಮಳೆ, ಮಂಜು ಕವಿದಿತ್ತು. ಸಂಜೆ ಏಳೂವರೆ ದಾಟಿತ್ತು. ರನ್‌ವೇ ಇನ್ನೂ ಸುಮಾರು ಒಂದು ಮೈಲಿ ದೂರ ಇರುವಾಗಲೇ ವಿಮಾನ ಗುಡ್ಡದ ಮರಗಳಿಗೆ ಬಡಿದು ಉರಿದುಹೋಯಿತು. ಒಳಗಿದ್ದ 75 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. 37 ಆಟಗಾರರು, ಮುಖ್ಯ ತರಬೇತುದಾರ ರಿಕ್ ಟೋಲಿ ಸೇರಿ ತರಬೇತಿ ತಂಡದ ಎಂಟು ಮಂದಿ, ತಂಡವನ್ನು ಬೆಂಬಲಿಸುತ್ತಿದ್ದ ಊರಿನ 25 ಜನ, ಐವರು ವಿಮಾನ ಸಿಬ್ಬಂದಿ.

ಊರಿನ ಎಪ್ಪತ್ತು ಮಕ್ಕಳು ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡರು. ಅವರಲ್ಲಿ ಹದಿನೆಂಟು ಮಕ್ಕಳಿಗೆ ಇಬ್ಬರೂ ಇಲ್ಲವಾದರು. ಆರು ಆಟಗಾರರ ದೇಹಗಳ ಗುರುತೇ ಹತ್ತಲಿಲ್ಲ. ಅವರನ್ನು ಸ್ಪ್ರಿಂಗ್ ಹಿಲ್ ಸ್ಮಶಾನದಲ್ಲಿ ಅಕ್ಕಪಕ್ಕದಲ್ಲೇ ಮಣ್ಣು ಮಾಡಲಾಯಿತು.

ಗಾಯಗೊಂಡು ಊರಿನಲ್ಲೇ ಉಳಿದಿದ್ದ ಆಟಗಾರ ನೇಟ್ ರಫಿನ್ ಬದುಕಿಕೊಂಡ. ಹೊಸ ಆಟಗಾರರನ್ನು ಹುಡುಕಲೆಂದು ಕಾರಿನಲ್ಲಿ ಹೊರಟಿದ್ದ ಸಹಾಯಕ ತರಬೇತುದಾರ ರೆಡ್ ಡಾಸನ್ ಕೂಡ. ತಾವೇಕೆ ಉಳಿದೆವು ಎಂಬ ಪ್ರಶ್ನೆ ಹೊತ್ತು ಬದುಕುವುದು ಸುಲಭವಲ್ಲ.

ಮತ್ತೆ ಆಡುವುದೇ?

ಫುಟ್‌ಬಾಲನ್ನೇ ನಿಲ್ಲಿಸಿಬಿಡೋಣ ಎಂಬ ಮಾತೂ ಬಂತು. ಆದರೆ ಆಡುವುದೆಂದೇ ತೀರ್ಮಾನವಾಯಿತು. ಓಹಿಯೋದ ವೂಸ್ಟರ್ ಎಂಬ ಸಣ್ಣ ಕಾಲೇಜಿನಲ್ಲಿದ್ದ ಜ್ಯಾಕ್ ಲೆಂಗ್ಯೆಲ್ ತರಬೇತುದಾರರಾಗಿ ಬಂದರು. ಡಾಸನ್ ಒಂದು ವರ್ಷದ ಮಟ್ಟಿಗೆ ಜೊತೆ ನಿಂತರು.

ಆಟಗಾರರು ಎಲ್ಲಿ? ಆಗಿನ ನಿಯಮದಂತೆ ಪ್ರಥಮ ವರ್ಷದ ವಿದ್ಯಾರ್ಥಿಗಳು ಕಾಲೇಜಿನ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಮಾರ್ಷಲ್‌ಗೆ ವಿನಾಯಿತಿ ಕೊಟ್ಟಿತು. ಹೈಸ್ಕೂಲು ಮುಗಿಸಿ ಬಂದ ಹುಡುಗರು, ಬೇರೆ ಆಟ ಆಡುತ್ತಿದ್ದವರು, ಗಾಯದಿಂದ ಚೇತರಿಸಿಕೊಂಡ ರಫಿನ್‌ನಂಥ ಕೆಲವೇ ಹಳಬರು ಸೇರಿ ತಂಡವಾಯಿತು.

ಇಂಥ ಎಳೆಯರಿಗೆ ತಮ್ಮ ಹಳೆಯ ಆಟದ ಪದ್ಧತಿ ಒಗ್ಗುವುದಿಲ್ಲವೆಂದು ಲೆಂಗ್ಯೆಲ್‌ಗೆ ಬೇಗ ಗೊತ್ತಾಯಿತು. ಅವರು ಅದೇ ರಾಜ್ಯದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ತರಬೇತುದಾರ ಬಾಬಿ ಬೌಡನ್ ಬಳಿ ಹೋದರು. ಬೌಡನ್ ತಮ್ಮ ತಂಡದ ತಂತ್ರಗಳ ಪುಸ್ತಕವನ್ನೇ ತೆರೆದಿಟ್ಟರು. ಸ್ಪರ್ಧೆಯ ಲೋಕದಲ್ಲಿ ಇದು ಸಣ್ಣ ಮಾತಲ್ಲ.

ಕೊನೆಯ ಚೆಂಡು

ಮೊದಲ ಪಂದ್ಯದಲ್ಲಿ ಮೋರ್‌ಹೆಡ್ ಸ್ಟೇಟ್ ಎದುರು 6-29ರ ಸೋಲು. ಮುಂದಿನ ವಾರ, 1971ರ ಸೆಪ್ಟೆಂಬರ್ 25ರಂದು, ದುರಂತದ ನಂತರ ತವರಿನಲ್ಲಿ ಮೊದಲ ಪಂದ್ಯ. ಎದುರಾಳಿ ಕ್ಸೇವಿಯರ್. ಆಟ ಮುಗಿಯುವ ಹೊತ್ತಿಗೆ ಮಾರ್ಷಲ್ 9-13ರಿಂದ ಹಿಂದಿತ್ತು. ಉಳಿದಿದ್ದುದು ಒಂದೇ ಅವಕಾಶ. ರೆಜಿ ಆಲಿವರ್ ಚೆಂಡನ್ನು ಪ್ರಥಮ ವರ್ಷದ ವಿದ್ಯಾರ್ಥಿ ಟೆರಿ ಗಾರ್ಡ್‌ನರ್‌ಗೆ ಎಸೆದ. ಗಾರ್ಡ್‌ನರ್ ಅದನ್ನು ಹಿಡಿದು ಗೆರೆ ದಾಟಿದ. 15-13! ದುಃಖದಲ್ಲಿ ಒಂದಾಗಿದ್ದ ಊರು ಹತ್ತು ತಿಂಗಳ ಬಳಿಕ ಸಂತೋಷದಲ್ಲಿ ಒಂದಾಯಿತು.

ಸಿನಿಮಾ ಆಗಿದ್ದರೆ ಮುಂದೆ ಗೆಲುವೇ ಗೆಲುವು. 2006ರಲ್ಲಿ ಈ ಕಥೆ ನಿಜವಾಗಿಯೂ ಸಿನಿಮಾ ಆಯಿತು. ಆದರೆ ಬದುಕು ಹಾಗಿರಲಿಲ್ಲ. ಆ ವರ್ಷ ತಂಡ ಗೆದ್ದದ್ದು ಇನ್ನೊಂದೇ ಪಂದ್ಯ, ಬೌಲಿಂಗ್ ಗ್ರೀನ್ ಎದುರು 12-10. ಆ ಋತುವಷ್ಟೇ ಅಲ್ಲ, ಮುಂದಿನ ಹಲವು ಋತುಗಳೂ ಹೀಗೆಯೇ ಕಳೆದವು. ಸೋಲಿಗಿಂತ ಗೆಲುವು ಹೆಚ್ಚಿರುವ ವರ್ಷ ಕಾಣಲು ಮಾರ್ಷಲ್ 1984ರವರೆಗೆ ಕಾಯಬೇಕಾಯಿತು. 1992 ಮತ್ತು 1996ರಲ್ಲಿ ಅದು ತನ್ನ ವಿಭಾಗದ ರಾಷ್ಟ್ರೀಯ ಚಾಂಪಿಯನ್ ಆಯಿತು.

ಅಂಕಪಟ್ಟಿ ಕೈಗೆ ಬಂದ ದಿನ ಮಕ್ಕಳೂ ಹೆತ್ತವರೂ ಮೊದಲು ನೋಡುವುದು ಅಂಕವನ್ನೇ. ತಪ್ಪೇನಿಲ್ಲ. ಆದರೆ ಎಲ್ಲಿಂದ ಹೊರಟು ಅಲ್ಲಿಗೆ ಮುಟ್ಟಿದರು ಎಂಬುದಕ್ಕೆ ಅದರಲ್ಲಿ ಕಾಲಮ್ಮು ಇರುವುದಿಲ್ಲ. 1971ರ ಹುಡುಗರು ಸೋತದ್ದು ಎಂಟು ಸಲ. ಅವರು ಅಂದು ಆಡದೆ ಇದ್ದಿದ್ದರೆ 1992ರಲ್ಲಿ ಗೆಲ್ಲಲು ತಂಡವೇ ಇರುತ್ತಿರಲಿಲ್ಲ.

ವಿಶ್ವವಿದ್ಯಾಲಯದ ಆವರಣದಲ್ಲಿ ಹ್ಯಾರಿ ಬರ್ಟೋಯಾ ರೂಪಿಸಿದ ಸ್ಮಾರಕ ಕಾರಂಜಿಯಿದೆ. ಪ್ರತಿವರ್ಷ ನವೆಂಬರ್ 14ರಂದು ಜನ ಅಲ್ಲಿ ಸೇರುತ್ತಾರೆ. ಕಾರಂಜಿಯ ನೀರನ್ನು ನಿಲ್ಲಿಸುತ್ತಾರೆ. ಚಳಿಗಾಲವಿಡೀ ಅದು ಮೌನ. ವಸಂತ ಬಂದಾಗ ನೀರು ಮತ್ತೆ ಚಿಮ್ಮುತ್ತದೆ. 2001ರಲ್ಲಿ ತೀರಿಕೊಂಡ ನೇಟ್ ರಫಿನ್ ಈಗ ಸ್ಪ್ರಿಂಗ್ ಹಿಲ್‌ನಲ್ಲಿ ಮಲಗಿದ್ದಾನೆ, ಗುರುತು ಸಿಗದ ಆ ಆರು ಗೆಳೆಯರ ಸಮೀಪದಲ್ಲೇ.