ಡೇಟಾ 50 ಜಿಬಿ, ಡಿಸ್ಕ್ 500 ಜಿಬಿ. ಆದರೂ ಫುಲ್!

ಡೇಟಾಬೇಸ್ ಇಷ್ಟೇ ಇಷ್ಟು. ಮತ್ತೆ ಡಿಸ್ಕ್ ತಿಂದದ್ದು ಯಾರು? ಸುಳಿವು ಇರುವುದು ಡೇಟಾಬೇಸ್‌ನ ನಕಲಿನಲ್ಲಿ, ಅಂದರೆ ರೆಪ್ಲಿಕಾದಲ್ಲಿ.

ಪಾವತಿ ಡೇಟಾ ಭಾರತದಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಆದೇಶಿಸಿತು. ಅಮೆಜಾನ್ ಕ್ಲೌಡ್ 2016ರಲ್ಲಿ ಮುಂಬೈಗೆ, 2022ರಲ್ಲಿ ಹೈದರಾಬಾದ್‌ಗೆ ಬಂತು. ಹಾಗಾಗಿ ಪ್ರೈಮರಿ, ಅಂದರೆ ಮೂಲ ಡೇಟಾಬೇಸ್, ಮುಂಬೈನಲ್ಲಿ, ರೆಪ್ಲಿಕಾ ಹೈದರಾಬಾದ್‌ನಲ್ಲಿ ಇಡುವುದು ಈಗ ಸುಲಭ.

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಪ್ರತಿ ಬದಲಾವಣೆಯೂ ಮೊದಲು ವಾಲ್ ಎಂಬ ಲಾಗ್‌ಗೆ ಹೋಗುತ್ತದೆ. ಒಂದೊಂದು ಫೈಲ್ ಸಾಮಾನ್ಯವಾಗಿ 16 ಎಂಬಿ. ರೆಪ್ಲಿಕಾ ಎಲ್ಲಿಯವರೆಗೆ ಓದಿದೆ ಎಂದು ಗುರುತಿಟ್ಟುಕೊಳ್ಳುವುದು ರೆಪ್ಲಿಕೇಶನ್ ಸ್ಲಾಟ್. ರೆಪ್ಲಿಕಾ ನಿಂತುಹೋದರೂ ಸ್ಲಾಟ್ ವಾಲ್ ಫೈಲ್‌ಗಳನ್ನು ಉಳಿಸಿಕೊಂಡು ಕಾಯುತ್ತಲೇ ಇರುತ್ತದೆ: ಮನೆ ಖಾಲಿ ಮಾಡಿದ ಬಾಡಿಗೆದಾರನ ಟಪಾಲನ್ನು ಬಿಲ್ಡಿಂಗ್‌ನ ವಾಚ್‌ಮನ್ ಕೂಡಿಡುತ್ತಲೇ ಹೋದಂತೆ. ಕೊನೆಗೆ ಡಿಸ್ಕ್ ತುಂಬಿ ಪ್ರೈಮರಿಯೇ ನಿಲ್ಲುತ್ತದೆ.

ಗಾಬರಿಯಲ್ಲಿ ವಾಲ್ ಫೈಲ್‌ಗಳನ್ನು ಕೈಯಾರೆ ಅಳಿಸಲೇಬೇಡಿ! ಡೇಟಾಬೇಸ್ ಮತ್ತೆ ಏಳದೇ ಹೋಗಬಹುದು. ಪಿಜಿ ರೆಪ್ಲಿಕೇಶನ್ ಸ್ಲಾಟ್ಸ್ ಪಟ್ಟಿ ತೆರೆಯಿರಿ. ನಿಷ್ಕ್ರಿಯ ಸ್ಲಾಟ್ ಯಾವುದು? ಆ ರೆಪ್ಲಿಕಾ ಇನ್ನು ಬೇಡವೆಂದು ಖಚಿತವಾದರೆ ಮಾತ್ರ ಸ್ಲಾಟ್ ಡ್ರಾಪ್ ಮಾಡಿ.

2020ರ 13ನೇ ಆವೃತ್ತಿಯಿಂದ ಮ್ಯಾಕ್ಸ್ ಸ್ಲಾಟ್ ವಾಲ್ ಕೀಪ್ ಸೈಜ್ ಎಂಬ ಸೆಟ್ಟಿಂಗ್ ಇದೆ. ಡೀಫಾಲ್ಟ್ ಮೈನಸ್ 1, ಅಂದರೆ ಮಿತಿಯೇ ಇಲ್ಲ. ಹಾಗೇ ಬಿಡುವುದು ಅಪಾಯ ಎಂದೇ ನನ್ನ ಅಭಿಪ್ರಾಯ. 500 ಜಿಬಿ ಡಿಸ್ಕಿಗೆ 100 ಜಿಬಿ ಮಿತಿ ಇಡಿ. ಅದು ಮೀರಿದರೆ ರೆಪ್ಲಿಕಾವನ್ನು ಮತ್ತೆ ಕಟ್ಟಬೇಕಾದೀತು, ನಿಜ. ಆದರೆ ದಾದರ್‌ನ ಅಂಗಡಿಯಲ್ಲಿ ಹಣ ಕಟ್ಟುತ್ತಿರುವ ಗ್ರಾಹಕರ ಕೆಲಸ ನಿಲ್ಲುವುದಿಲ್ಲ.

ಮೈಎಸ್‌ಕ್ಯೂಎಲ್ 8 ಬಳಸುತ್ತೀರಾ? ಅಲ್ಲಿ ಬದಲಾವಣೆಗಳ ಲಾಗ್ ಆದ ಬಿನ್‌ಲಾಗ್ ಡೀಫಾಲ್ಟ್ ಆಗಿ 30 ದಿನ ಉಳಿಯುತ್ತದೆ. ಡಿಸ್ಕ್ ಚಿಕ್ಕದಿದ್ದರೆ ಆ ಅವಧಿಯನ್ನು ಇವತ್ತೇ ಇಳಿಸಿ.