ಏರಿದ ದರವೂ ಬಡವನ ಬೈಸಿಕಲ್ಲೂ

ಅನ್ನ, ವಸ್ತ್ರ, ವಸತಿಗಳ ಲೆಕ್ಕವನ್ನು ಸಂಸಾರಸ್ಥನು ತಿಂಗಳ ಮೊದಲಲ್ಲಿಯೇ ಹಾಕಿಬಿಡುವನು. ನಗರವಾಸಿಗೆ ಇವುಗಳೊಡನೆ ನಾಲ್ಕನೆಯದೊಂದು ವೆಚ್ಚವುಂಟು. ಅದು ಮನೆಯಿಂದ ಕೆಲಸಕ್ಕೆ ಹೋಗಿಬರುವ ವೆಚ್ಚ. ಕೈ ಬಿಗಿಯಾದಾಗ ಸಣ್ಣಕ್ಕಿಯನ್ನು ಬಿಟ್ಟು ದಪ್ಪಕ್ಕಿಗೆ ಇಳಿಯಬಹುದು. ಆದರೆ ಕಛೇರಿಯನ್ನು ಮನೆಯ ಬಳಿಗೆ ಎಳೆದುತರಲಾದೀತೇ? ಆದುದರಿಂದಲೇ ಪ್ರಯಾಣದ ದರವನ್ನು ಏರಿಸುವ ಅಧಿಕಾರವುಳ್ಳವರು ಇತರ ವರ್ತಕರಿಗಿಂತ ಹೆಚ್ಚು ಸಂಕೋಚದಿಂದ ನಡೆಯತಕ್ಕದ್ದು.

ಬೆಂಗಳೂರಿನಲ್ಲಿ 2025ನೆಯ ಇಸವಿಯು ಈ ಸಂಕೋಚವನ್ನು ಕಾಣಲಿಲ್ಲ. ಜನವರಿ 5ರಂದು ಸಾರಿಗೆ ಬಸ್ಸುಗಳ ದರವು ಶೇಕಡಾ 15ರಷ್ಟು ಏರಿತು. ಸಾಮಾನ್ಯ ಬಸ್ಸಿನ ಮಾಸಿಕ ಪಾಸು 1050 ರೂಪಾಯಿಯಿಂದ 1200ಕ್ಕೆ ಹೋಯಿತು. ಫೆಬ್ರವರಿ 9ರಂದು ಮೆಟ್ರೋ ರೈಲಿನ ಗರಿಷ್ಠ ದರವು 60 ರೂಪಾಯಿಯಿಂದ 90ಕ್ಕೆ ನೆಗೆಯಿತು. ಕೆಲವು ನಿಲ್ದಾಣಗಳ ನಡುವೆ ದರವು ಇಮ್ಮಡಿಯೇ ಆಗಿತ್ತು. ಜನರು ಕೂಗೆಬ್ಬಿಸಿದ ಮೇಲೆ, 14ರಂದು ಏರಿಕೆಯನ್ನು ಶೇಕಡಾ 71ಕ್ಕೆ ಮಿತಿಗೊಳಿಸಲಾಯಿತು. ಕೇಂದ್ರ ಸರ್ಕಾರವೂ ರಾಜ್ಯ ಸರ್ಕಾರವೂ ಸಮಪಾಲುದಾರರಾದ ಸಂಸ್ಥೆಯಿದು. ಆದರೂ ಹೊಣೆಯ ಮಾತು ಬಂದಾಗ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿದರು.

ನಗರದ ಒಂದು ತುದಿಯಿಂದ ಮತ್ತೊಂದು ತುದಿಗೆ ಹೋಗಿಬರುವ ಗುಮಾಸ್ತನೊಬ್ಬನ ಲೆಕ್ಕವನ್ನು ವಾಚಕರೇ ನೋಡಲಿ. ತಿಂಗಳಿಗೆ 25 ದಿನ, ದಿನಕ್ಕೆರಡು ಪ್ರಯಾಣ. ಹಿಂದೆ 3000 ರೂಪಾಯಿ ತಗಲುತ್ತಿದ್ದುದು ಆ ದರದಿಂದ 4500 ಆಯಿತು. ಕಾರ್ಡಿನವರಿಗೆ ದೊರೆಯುವ ಶೇಕಡಾ 5ರ ರಿಯಾಯಿತಿಯು ಈ ಹೊರೆಯನ್ನು ಎಷ್ಟು ಹಗುರಮಾಡೀತು? 2023ರ ಜೂನ್ 11ರಿಂದ ರಾಜ್ಯದ ಸ್ತ್ರೀಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಿರುವುದು ನಿಜ, ಅದು ಶ್ಲಾಘ್ಯವೂ ಹೌದು. ಆದರೆ ಆ ಸೌಲಭ್ಯವು ಮೆಟ್ರೋದ ಬಾಗಿಲಲ್ಲಿಯೇ ನಿಂತುಬಿಡುವುದು.

ಸಂಸ್ಥೆಗಳ ವಾದವನ್ನೂ ಕೇಳಬೇಕಾದುದು ನ್ಯಾಯ. ಮೆಟ್ರೋದ ದರವು 2017ರಿಂದ ಏರಿರಲಿಲ್ಲ. ವಿದ್ಯುತ್ತು, ಸಂಬಳ, ಸಾಲದ ಕಂತುಗಳು ಏರಿದ್ದವು. ಇದು ಸುಳ್ಳಲ್ಲ. ಆದರೆ ಎಂಟು ವರ್ಷದ ಬಾಕಿಯನ್ನು ಒಂದೇ ಬೆಳಗಿನಲ್ಲಿ ವಸೂಲುಮಾಡುವುದು ಯಾವ ಆಡಳಿತನೀತಿ? ಮೇಲ್ಸೇತುವೆಗಳಿಗೆ ಬೊಕ್ಕಸದಿಂದ ಹಣ ಸುರಿಯುವಾಗ ಕೇಳದ ಲಾಭನಷ್ಟದ ಪ್ರಶ್ನೆಯನ್ನು ಬಡವನ ಟಿಕೀಟಿನ ಮುಂದೆ ಮಾತ್ರ ಕೇಳುವುದೇಕೆ?

"ಬೈಸಿಕಲ್ಲು ಹತ್ತಲಿ" ಎಂದು ಹೇಳುವವರಿದ್ದಾರೆ. ಲೆಕ್ಕವು ಅವರ ಪಕ್ಷದಲ್ಲಿಯೇ ಇರುವುದು. ಎಂಟು ಸಾವಿರಕ್ಕೆ ಕೊಂಡ ಬೈಸಿಕಲ್ಲು ಐದು ವರ್ಷ ಬಾಳುವುದೆಂದೂ, ಟೈರು, ಟ್ಯೂಬು, ಬ್ರೇಕು, ಪಂಕ್ಚರುಗಳಿಗೆ ವರ್ಷಕ್ಕೆ ಒಂದೂವರೆ ಸಾವಿರ ತಗಲುವುದೆಂದೂ ಭಾವಿಸಿದರೆ, ತಿಂಗಳಿಗೆ 260 ರೂಪಾಯಿಯೊಳಗೇ ಮುಗಿಯುವುದು. 2025ರ ಸೆಪ್ಟೆಂಬರ್ 22ರಿಂದ ಬೈಸಿಕಲ್ಲಿನ ಮೇಲಿನ ತೆರಿಗೆಯೂ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಹಿಂದೆ ನಮ್ಮ ಪುರಸಭೆಗಳು ಬೈಸಿಕಲ್ಲಿಗೂ ಲೈಸೆನ್ಸಿನ ಬಿಲ್ಲೆ ಕಟ್ಟಿ ಕಾಸು ಪಡೆಯುತ್ತಿದ್ದುದನ್ನು ಬಲ್ಲ ಹಿರಿಯರಿಗೆ ಇದು ಸಮಾಧಾನದ ಸಂಗತಿ.

ಆದರೆ ಪಟ್ಟಿಯಲ್ಲಿ ಬರೆಯದ ವೆಚ್ಚಗಳೂ ಉಂಟು. ಐದಾರು ಮೈಲಿಯ ದಾರಿಗೆ ಸಲ್ಲುವ ವಾಹನವು ಇಪ್ಪತ್ತು ಮೈಲಿಗೆ ಸಲ್ಲದು. ಲಾರಿ, ಬಸ್ಸು, ಕಾರುಗಳ ನಡುವೆ ಜೀವವನ್ನು ಕೈಯಲ್ಲಿ ಹಿಡಿದು ಸಾಗುವವನಿಗೆ ಪ್ರತ್ಯೇಕ ಪಥವಿಲ್ಲ. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಹಾಕಿದ ಪಥವೂ ಉಳಿದು ಬಾಳಲಿಲ್ಲ. ಹೀಗಾಗಿ ರೈಲನ್ನು ಬಿಟ್ಟವನು ಬೈಸಿಕಲ್ಲನ್ನು ಹತ್ತುವುದಿಲ್ಲ. ಸಾಲಮಾಡಿ ಮೋಟಾರುಸೈಕಲ್ಲನ್ನು ಕೊಳ್ಳುತ್ತಾನೆ. ಅವನ ಸಾಲವು ಅವನ ಮನೆಯ ಕಷ್ಟ. ಅವನ ಹೊಗೆಯೂ ದಟ್ಟಣೆಯೂ ಊರಿನ ಕಷ್ಟ. ದರದಿಂದ ಬಂದ ಆದಾಯವನ್ನು ನಗರವು ಹೀಗೆ ಬೇರೆ ಕೈಯಿಂದ ಕಳೆದುಕೊಳ್ಳುವುದು.

ಆದುದರಿಂದ ಅಧಿಕಾರಿಗಳಲ್ಲಿ ನಮ್ಮ ಬಿನ್ನಹವು ಮೂರು ಮಾತಿನದು. ದರವೇರಿಸುವುದಾದರೆ ಜನರ ಅಭಿಪ್ರಾಯವನ್ನು ಕೇಳಿ ಅಲ್ಪಾಲ್ಪವಾಗಿ ಏರಿಸಲಿ. ನಿತ್ಯ ಪ್ರಯಾಣಿಕರಿಗೆ ಬಸ್ಸಿಗೂ ರೈಲಿಗೂ ಸಲ್ಲುವ ಅಗ್ಗದ ಮಾಸಿಕ ಪಾಸನ್ನು ಕೊಡಲಿ. ಪ್ರತಿ ನಿಲ್ದಾಣಕ್ಕೂ ನಿರ್ಭಯವಾದ ಬೈಸಿಕಲ್ಲಿನ ದಾರಿಯನ್ನೂ, ಅಲ್ಲಿ ಅದನ್ನು ನಿಲ್ಲಿಸಲು ಕಾವಲುಳ್ಳ ತಾಣವನ್ನೂ ಒದಗಿಸಲಿ. ಬೈಸಿಕಲ್ಲು ಪೌರನು ತಾನಾಗಿ ಆರಿಸಿಕೊಂಡ ವಾಹನವಾದರೆ ಅದು ಊರಿಗೆ ಭೂಷಣ. ರೈಲಿನಿಂದ ಹೊರದೂಡಲ್ಪಟ್ಟವನ ಗತಿಯಾದರೆ ಅದು ಆಡಳಿತಕ್ಕೆ ಕಳಂಕ.